ಮರದ ಮೇಲಿಂದ ಕಂಡ ಮೈಸೂರು

ಮೈಸೂರಿಗೆ ಹೋಗಿ ಬಂದವರನ್ನು ನಮ್ಮ ಕಡೆ ಎಲ್ಲರೂ ಕೇಳುವುದು ಒಂದೇ ಮಾತು, ಅರಮನೆ ನೋಡಿದೆಯಾ ಎಂದು. ನೋಡಿದ್ದೇನೆ. ಬೆಳಗಿನಿಂದ ಸಂಜೆಯವರೆಗೆ, ಒಂದೂವರೆ ತಿಂಗಳು ನೋಡಿದ್ದೇನೆ. ಆದರೆ ನೋಡಿದ್ದೆಲ್ಲ ಒಂದು ಮಾವಿನ ಮರದ ಮೇಲೆ ಕೂತು, ಎಲೆಗಳ ಸಂದಿಯಿಂದ. ಅರಮನೆಯ ಒಳಗೆ ಎಷ್ಟು ಕಂಬಗಳಿವೆ ಎಂದು ಕೇಳಿದರೆ ಬೆಬ್ಬೆಬ್ಬೆ ಎನ್ನುತ್ತೇನೆ. ಮಂಜು ಕರಗುವಾಗ ಅದರ ಚಿನ್ನದ ಗೋಪುರ ಮೊದಲು ಯಾವ ಕಡೆಯಿಂದ ಹೊಳೆಯಲು ಶುರುವಾಗುತ್ತದೆ ಎಂದು ಕೇಳಿದರೆ ಮಾತ್ರ ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ.

ಇದು ಮೂವತ್ತರ ದಶಕದ ಕೊನೆಯ ಮಾತು. ಆ ವರ್ಷ ಮುಂಗಾರಿನ ಮೊದಲ ಗುಡುಗಿಗೇ ನಮ್ಮ ಕೋಲಾರದ ಕಡೆಯ ರಾಯಲ್ಪಾಡಿನ ತೋಟದಮ್ಮನವರ ಬಾವಿಯ ಪಕ್ಕದ ಮಾವಿನ ಮರಕ್ಕೆ ಸಿಡಿಲು ಬಡಿಯಿತು. ತೋಟದಮ್ಮ ಎಂದರೆ ಆ ತೋಟದ ಒಡತಿ, ಎಪ್ಪತ್ತರ ಹತ್ತಿರದ ವಿಧವೆ. ಅವರ ಯಜಮಾನರು ಎಳೆಯ ವಯಸ್ಸಿನಲ್ಲಿ ಬಾವಿ ತೋಡಿಸಿದಾಗ ದಡದಲ್ಲಿ ಒಂದು ಮಾವಿನ ವಾಟೆ ಊರಿದ್ದರಂತೆ. ಅದು ಬೆಳೆದು ಬಿಟ್ಟ ಹಣ್ಣು ಬೇರೆ ಯಾವ ಮರದ ಹಣ್ಣಿನಂತೆಯೂ ಇರಲಿಲ್ಲ. ಸಿಪ್ಪೆ ಹಣ್ಣಾದರೂ ಹಸಿರು, ಒಳಗೆ ಅರಿಸಿನ, ತೊಟ್ಟಿನ ಹತ್ತಿರ ಸಣ್ಣಗೆ ಏಲಕ್ಕಿಯ ವಾಸನೆ. ಊರಿನವರು ತೆಲುಗಿನಲ್ಲಿ ಅದನ್ನು ಬಾವಿಮಾಮಿಡಿ, ಬಾವಿಯ ಮಾವು, ಎನ್ನುತ್ತಿದ್ದರು. ಆ ಜಾತಿಗೆ ಇದ್ದದ್ದು ಆ ಒಂದು ಮರ. ಯಜಮಾನರು ಅದರ ಒಂದು ಕುಡಿಯನ್ನೂ ಯಾರಿಗೂ ಮುಟ್ಟಗೊಡಲಿಲ್ಲ. ಒಂದೇ ಒಂದು ಸಲ, ಶ್ರೀನಿವಾಸಪುರಕ್ಕೆ ಬಂದಿದ್ದ ಅಮಲ್ದಾರರು ಬಾಯಿಬಿಟ್ಟು ಕೇಳಿದಾಗ ಇಲ್ಲವೆನ್ನಲಾಗದೆ ಒಂದು ಕಸಿಗಿಡ ಕಟ್ಟಿಸಿಕೊಟ್ಟರು. ಕಟ್ಟಿದ್ದು ನಮ್ಮಪ್ಪ, ಕಸಿ ಕಟ್ಟುವುದೇ ನಮ್ಮ ಮನೆಯ ಕಸುಬು. ಆ ಅಮಲ್ದಾರ ರಾಯರು ನಿವೃತ್ತರಾಗಿ ಮೈಸೂರಿನಲ್ಲಿ ನೆಲೆಸಿದ್ದರು, ಗಿಡ ಅವರ ಬಂಗಲೆಯ ಕಾಂಪೌಂಡಿನಲ್ಲಿ ಮರವಾಗಿತ್ತು.

ಸಿಡಿಲಿನ ಮಾರನೆಯ ದಿನ ನಮ್ಮಪ್ಪನನ್ನೂ ನನ್ನನ್ನೂ ತೋಟದಮ್ಮ ಕರೆಸಿಕೊಂಡರು. ನಾವು ಅವರನ್ನು ಅಮ್ಮ ಎಂದೇ ಕರೆಯುತ್ತಿದ್ದೆವು. ಮರ ನೆತ್ತಿಯಿಂದ ಬುಡದವರೆಗೆ ಸೀಳಿ ಕರಿಯಾಗಿತ್ತು. ಅಮ್ಮ ಅದರ ಕಡೆ ಬೆನ್ನು ಮಾಡಿ ಬಾವಿಯ ಕಟ್ಟೆಯ ಮೇಲೆ ಕೂತಿದ್ದರು.

"ಒಕ್ಕ ಚೆಟ್ಟು ಚಾಲು ನಾಯನಾ," ಎಂದರು. ಒಂದು ಗಿಡ ಸಾಕಪ್ಪ ಎಂದು. ದುಃಖವಾದಾಗ ಅವರಿಗೆ ತೆಲುಗೇ ಬರುತ್ತಿತ್ತು. ಆಮೇಲೆ ಸುಧಾರಿಸಿಕೊಂಡು, "ನಾನು ಹಣ್ಣು ತಿನ್ನೋಕಲ್ಲ ಕಣಪ್ಪ. ನಂಗೆ ಹಲ್ಲೂ ಇಲ್ಲ. ಅವ್ರು ಊರಿದ್ದು ಭೂಮಿ ಮೇಲೆ ಇರ್ಬೇಕು, ನಾನು ಕಣ್ಮುಚ್ಚೋಕೆ ಮುಂಚೆ ಅದನ್ನ ನೋಡ್ಬೇಕು, ಅಷ್ಟೇ," ಎಂದರು.

ಮನೆಗೆ ಬರುವ ದಾರಿಯಲ್ಲಿ ಅಪ್ಪ ತನ್ನ ಬಲಗೈ ಚಾಚಿ ತೋರಿಸಿದ. ಅದು ನಡುಗುತ್ತಿತ್ತು, ಆ ವರ್ಷ ಶುರುವಾಗಿದ್ದ ನಡುಕ. "ಇಂಥ ಕೈ ಚಾಕು ಹಿಡೀಬಾರ್ದು ಕಣೋ. ಮೈಸೂರಿಗೆ ನೀನು ಹೋಗು," ಎಂದ. ಅಲ್ಲಿಯವರೆಗೆ ನಾನು ಅಪ್ಪನ ಪಕ್ಕದಲ್ಲಿ ಕಟ್ಟಿದ್ದೇನೆಯೇ ಹೊರತು ಒಬ್ಬನೇ ಕಟ್ಟಿದವನಲ್ಲ. ಮದುವೆಯಾಗಿ ಎರಡು ಮಕ್ಕಳಿದ್ದರೂ ಆ ಕೆಲಸದಲ್ಲಿ ನಾನಿನ್ನೂ ಹಸುಗೂಸೇ. ಅಪ್ಪ ಹೇಳಿದ ಬುದ್ಧಿಯೂ ಒಂದೇ: "ಏನಾದ್ರೂ ಮಾಡು, ಕುಂಡ ಮಾತ್ರ ಒಣಗಿಸಬೇಡ."

ಆಗೆಲ್ಲ ಮಾವಿನ ಕಸಿ ಎಂದರೆ ಗಿಡವನ್ನೇ ಮರದ ಹತ್ತಿರ ಹೊತ್ತುಕೊಂಡು ಹೋಗಬೇಕು. ವರ್ಷ ತುಂಬಿದ ನಾಟಿ ಸಸಿಯನ್ನು ಕುಂಡದಲ್ಲಿ ಬೆಳೆಸಿ, ಆ ಕುಂಡವನ್ನು ತಾಯಿಮರದ ಕೊಂಬೆಯ ಪಕ್ಕಕ್ಕೆ ಏರಿಸಿ, ಸಸಿಯ ಕಾಂಡಕ್ಕೂ ಮರದ ಕುಡಿಗೂ ಒಂದೇ ಅಳತೆಯ ಗಾಯ ಮಾಡಿ, ಗಾಯಕ್ಕೆ ಗಾಯ ಸೇರಿಸಿ ಕಟ್ಟಬೇಕು. ಎರಡೂ ಕೂಡಿಕೊಳ್ಳಲು ಎರಡೂವರೆ ತಿಂಗಳು ಬೇಕು. ಅಷ್ಟು ದಿನವೂ ಕುಡಿ ತಾಯಿಯ ಹಾಲು ಕುಡಿಯುತ್ತಲೇ ಇರುತ್ತದೆ. ಕೂಡಿದ ಮೇಲೆ ಕಟ್ಟಿನ ಕೆಳಗೆ ಕುಡಿಯನ್ನು ಕೊಯ್ದು ತಾಯಿಯಿಂದ ಬಿಡಿಸುತ್ತೇವೆ. ಅಷ್ಟು ದಿನ ಕಟ್ಟಿದವನು ಮರ ಬಿಟ್ಟು ಕದಲುವ ಹಾಗಿಲ್ಲ.

ರಾಯರಿಂದ ಒಪ್ಪಿಗೆಯ ಕಾಗದ ಬಂತು. ಆಷಾಢದಲ್ಲಿ ನಲವತ್ತೆಂಟು ಕುಂಡಗಳನ್ನು ಹುಲ್ಲು ಹಾಕಿ ಬಿದಿರು ಬುಟ್ಟಿಗಳಲ್ಲಿ ಜೋಡಿಸಿ ಎರಡು ಗಾಡಿಗಳಲ್ಲಿ ಶ್ರೀನಿವಾಸಪುರಕ್ಕೆ ತಂದೆ. ಅಲ್ಲಿಂದ ಚಿಕ್ಕ ರೈಲು. ಅದು ಎಷ್ಟು ನಿಧಾನ ಎಂದರೆ ನಡುವೆ ಒಬ್ಬರು ಇಳಿದು, ಬೇಲಿಯಲ್ಲಿ ಹೂ ಕಿತ್ತುಕೊಂಡು, ಮತ್ತೆ ಹತ್ತಿ ಕೂತರು. ಬೆಂಗಳೂರಿನಲ್ಲಿ ಬುಟ್ಟಿಗಳನ್ನು ಇಳಿಸಿ, ಮಾರನೆಯ ಬೆಳಗ್ಗೆ ಮೈಸೂರಿನ ರೈಲಿಗೆ ಏರಿಸಿದೆ. ಮೂರು ಕುಂಡ ಒಡೆದವು. ಮಧ್ಯಾಹ್ನ ಕಾವೇರಿ ಸೇತುವೆಯ ಮೇಲೆ ರೈಲು ಗಡಗಡ ಎಂದಾಗ ಕಿಟಕಿಯಿಂದ ಬಗ್ಗಿ ನೋಡಿದೆ. ನಮ್ಮ ಕಡೆ ಹೊಳೆ ಎಂದರೆ ಮರಳು, ಮರಳಿನ ಮೇಲೆ ಕುರಿಗಳ ಹೆಜ್ಜೆ. ಇಲ್ಲಿ ದಡದಿಂದ ದಡಕ್ಕೆ ಕೆಂಪು ನೀರು ಏನೂ ಸದ್ದಿಲ್ಲದೆ ಹೋಗುತ್ತಿತ್ತು, ಆಚೆಗೆ ಶ್ರೀರಂಗಪಟ್ಟಣದ ಮುರಿದ ಕೋಟೆ ನೀರಿನ ಮೇಲೆ ತೇಲಿದಂತಿತ್ತು. ಎದುರಿಗೆ ಕೂತಿದ್ದವರು ನನ್ನ ಬಾಯಿ ತೆರೆದೇ ಇದ್ದದ್ದನ್ನು ನೋಡಿ ನಕ್ಕರು. ನಾನು ಮೈಸೂರು ತಲುಪುವವರೆಗೂ ಆ ನೀರಿನಿಂದ ಹೊರಗೆ ಬರಲೇ ಇಲ್ಲ.

ಸಂಜೆ ನಾಲ್ಕು ಜಟಕಾಗಳಲ್ಲಿ ಬುಟ್ಟಿಗಳೊಂದಿಗೆ ಪೇಟೆ ದಾಟಿದೆ. ತುಂತುರು ಬೀಳುತ್ತಿತ್ತು. ಅಗಲವಾದ ರಸ್ತೆಗಳು, ನೆಂದ ಸಾಲುಮರಗಳು, ಎಲ್ಲೋ ಬ್ಯಾಂಡಿನವರು ಒಂದೇ ಚರಣವನ್ನು ಮತ್ತೆ ಮತ್ತೆ ಊದಿ ಕಲಿಯುತ್ತಿದ್ದರು. ಜನ ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಇಡೀ ಊರು ಆಗ ತಾನೇ ನಿದ್ದೆಯಿಂದ ಎದ್ದು ಇನ್ನೂ ಹಾಸಿಗೆಯಲ್ಲೇ ಕೂತಿದೆ ಎನಿಸಿತು.

ರಾಯರ ಬಂಗಲೆಯಲ್ಲಿ ನನಗೆ ಸಿಕ್ಕ ಜೊತೆ ಎಂದರೆ ಅಲ್ಲಿನ ಮಾಲಿ. ನನಗಿಂತ ಇಪ್ಪತ್ತು ವರ್ಷ ದೊಡ್ಡವನು, ಮೈಸೂರಿನ ಪಕ್ಕದ ಹಳ್ಳಿಯವನು, ಬಾಯಿ ತುಂಬ ಎಲೆಅಡಿಕೆ. ಅವನ ಸಹಾಯದಿಂದ ಸರ್ವೆ ಗಳಗಳನ್ನು ನೆಟ್ಟು ಮರದ ಸುತ್ತ ಮೂರು ಅಂತಸ್ತಿನ ಅಟ್ಟಣಿಗೆ ಕಟ್ಟಿದೆ. ಕುಂಡಗಳನ್ನು ಒಂದೊಂದಾಗಿ ಹಗ್ಗದಲ್ಲಿ ಏರಿಸಿದೆವು. ಆಮೇಲೆ ಕುಡಿ ಹುಡುಕುವ ಕೆಲಸ. ಸಸಿಯಷ್ಟೇ ದಪ್ಪ ಇರಬೇಕು, ಸೀಸದ ಕಡ್ಡಿಯ ಗಾತ್ರ, ಹೋದ ಸಲದ ಚಿಗುರಿನದಾಗಿರಬೇಕು, ಎಲೆ ಬಲಿತಿರಬೇಕು. ಸಿಕ್ಕಿದ ಮೇಲೆ ಎರಡು ಬೆರಳು ಉದ್ದಕ್ಕೆ ತೊಗಟೆಯನ್ನೂ ಅದರ ಜೊತೆ ಎಳೆಯಷ್ಟು ಮರವನ್ನೂ ಒಂದೇ ಎಳೆತಕ್ಕೆ ತೆಗೆಯಬೇಕು. ಎರಡನೇ ಸಲ ಚಾಕು ಆಡಿಸಿದರೆ ಗಾಯ ಉಬ್ಬುತಗ್ಗಾಗಿ ಗಾಳಿ ಹೊಗುತ್ತದೆ. ಗಾಯಕ್ಕೆ ಗಾಯ ಕೂಡಿಸಿ, ನೆನೆಸಿದ ಬಾಳೆನಾರಿನಿಂದ ಸುತ್ತಿ, ಜೇಡಿ ಸಗಣಿ ಕಲಸಿ ಮೆತ್ತಬೇಕು. ದಿನಕ್ಕೆ ಐದಾರು ಕಟ್ಟಿದರೆ ಹೆಚ್ಚು. ನಲವತ್ತೈದನ್ನೂ ಕಟ್ಟಿ ಮುಗಿಸಲು ಒಂಬತ್ತು ದಿನ ಹಿಡಿಯಿತು. ಕೊನೆಯ ಕಟ್ಟು ಬಿಗಿದಾಗ ನನಗೆ ನನ್ನ ಮೇಲೆ ಸ್ವಲ್ಪ ಹೆಮ್ಮೆಯಾಯಿತೆಂದು ಹೇಳಿದರೆ ತಪ್ಪೇನಿಲ್ಲ.

ಆಮೇಲೆ ಕಾಯುವುದು. ಮೇಲಿನ ಅಂತಸ್ತಿನಲ್ಲಿ ಗೋಣಿಚೀಲ ಹೊದ್ದು ಕೂತರೆ ಎದುರಿಗೆ ಅರಮನೆಯ ಗೋಪುರ, ಅದರ ಹಿಂದೆ ಮೋಡ ಹೊದ್ದ ಚಾಮುಂಡಿ ಬೆಟ್ಟ. ಬೆಳಗ್ಗೆ ಏನೂ ಇರುತ್ತಿರಲಿಲ್ಲ, ಬರೀ ಬಿಳಿ. ಆ ಬಿಳಿಯೊಳಗಿಂದ ಆನೆಯ ಗಂಟೆ ಕೇಳುತ್ತಿತ್ತು. ಲಾಯದ ಆನೆಗಳನ್ನು ನಡೆಸಿಕೊಂಡು ಹೋಗುತ್ತಿದ್ದರು, ಆನೆ ಕಾಣುತ್ತಿರಲಿಲ್ಲ, ಗಂಟೆ ಮಾತ್ರ ರಸ್ತೆಯುದ್ದಕ್ಕೂ ಹೋಗುತ್ತಿತ್ತು. ಆಮೇಲೆ ಗೋಪುರದ ಎಡಗಡೆಯ ಅಂಚು ಹೊಳೆಯುತ್ತಿತ್ತು. ಎಷ್ಟೋ ಹೊತ್ತಿನವರೆಗೆ ಅಷ್ಟೇ ಇರುತ್ತಿತ್ತು, ಆಕಾಶದಲ್ಲಿ ಒಂದು ಚೂರು ಚಿನ್ನ. ಮರ ಮೆಲ್ಲಗೆ ತೂಗುತ್ತಿತ್ತು, ಅಟ್ಟಣಿಗೆಯೂ ನಾನೂ ಜೊತೆಗೆ ತೂಗುತ್ತಿದ್ದೆವು. ಕೆಲವು ಸಲ ಅರಮನೆಯೇ ತೂಗುತ್ತಿದೆ ಅನಿಸುತ್ತಿತ್ತು. ರಾಯಲ್ಪಾಡಿನ ಬಂಡೆಗಳ ನಡುವೆ ಹುಟ್ಟಿದವನಿಗೆ ಆ ಮೆತ್ತಗಿನ ಬೆಳಕು ಅಭ್ಯಾಸವಿಲ್ಲ. ಹೆಂಡತಿ ಮಕ್ಕಳು ನೆನಪಾದರೂ ಬೇರೆ ಯಾರದೋ ಹೆಂಡತಿ ಮಕ್ಕಳು ಎಂಬಂತೆ ನೆನಪಾಗುತ್ತಿದ್ದರು. ಇದು ನಾಚಿಕೆಯ ಮಾತು, ಆದರೆ ಹಾಗೇ ಆಗಿತ್ತು.

ಈ ಮಂಪರಿನಲ್ಲೂ ಒಂದು ಕೆಲಸ ಮಾತ್ರ ತಪ್ಪಿಸಲಿಲ್ಲ. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಪ್ರತಿ ಕುಂಡಕ್ಕೂ ತಂಬಿಗೆ ನೀರು. ಮಳೆ ಬರುತ್ತಿದ್ದರೂ ಹಾಕಿದೆ. ತಲೆಯ ಮೇಲೆ ಗೋಣಿಚೀಲ, ಕೈಯಲ್ಲಿ ತಂಬಿಗೆ.

"ಏನ್ಲಾ ಕೋಲಾರದವ್ನೆ, ಮಳೆ ಉಯ್ತಾ ಇರೋವಾಗ ನೀರ್ ಹಾಕ್ತೀಯಲ್ಲ, ನಿಂಗೇನ್ ತಲೆಗಿಲೆ ಕೆಟ್ಟಿದ್ದದಾ?" ಎಂದು ಮಾಲಿ ಕೆಳಗಿನಿಂದ ಕೂಗಿದ.

"ಇದು ಮಳೆನಾ? ಮಣ್ಣಿನ ಮೇಲ್ಗಡೆ ಒದ್ದೆ ಆಗುತ್ತೆ, ಅಷ್ಟೇ," ಎಂದೆ.

"ಬುಡು, ಆಕಾಸದ ಮ್ಯಾಲೆ ನಂಬ್ಕೆ ಇಲ್ದಿದ್ ಜನ ನೀವು."

ಅವನ ಮಾತು ನಿಜ. ನಮ್ಮ ಕಡೆ ಮೋಡ ಬಂದರೆ ನಾವು ಸಂತೋಷಪಡುವುದಿಲ್ಲ, ಅನುಮಾನಪಡುತ್ತೇವೆ. ಬಂದ ಮೋಡ ಆಂಧ್ರಕ್ಕೆ ಹೋಗುತ್ತದೆ, ನಾವು ಕೊಡ ಹೊತ್ತು ಬಾವಿಗೆ ಹೋಗುತ್ತೇವೆ. ಮಳೆಯನ್ನು ನೆಚ್ಚಿಕೊಂಡು ಕುಂಡಕ್ಕೆ ನೀರು ಹಾಕದೆ ಬಿಟ್ಟವನನ್ನು ನಮ್ಮ ಕಸಿ ಕಟ್ಟುವವರಲ್ಲಿ ಸೋಮಾರಿ ಎನ್ನುತ್ತಾರೆ. ಕುಂಡದ ಮಣ್ಣೂ ನಮ್ಮದೇ, ಕೆರೆಗೋಡು, ಅಂದರೆ ಕೆರೆಯ ತಳದ ಹೂಳು. ಒಂದು ಸಲ ಕುಡಿದ ನೀರನ್ನು ಎರಡು ದಿನ ಬಿಗಿಹಿಡಿದುಕೊಳ್ಳುವ ಮಣ್ಣು. ನಮ್ಮ ಬಿಸಿಲಿಗೆ ಅದು ಸರಿ.

ಕಸಿ ಕಟ್ಟಲು ಶುರುಮಾಡಿದ ಇಪ್ಪತ್ತೈದನೆಯ ದಿನ ಕೆಳಗಿನ ಅಂತಸ್ತಿನ ನಾಲ್ಕು ಸಸಿಗಳ ಎಲೆ ಹಳದಿಯಾದವು. ನೀರು ಸಾಲದೆಂದುಕೊಂಡು ಇನ್ನಷ್ಟು ಹಾಕಿದೆ. ಮೂವತ್ತನೆಯ ದಿನಕ್ಕೆ ಹತ್ತು ಹಳದಿಯಾದವು, ಹತ್ತಿರ ಹೋದರೆ ಹುಳಿ ವಾಸನೆ. ಒಂದು ಕಟ್ಟನ್ನು ಬಿಚ್ಚಿ ಸಸಿಯನ್ನು ಮಣ್ಣಿನ ಸಮೇತ ತೆಗೆದು ನೋಡಿದೆ. ಬೇರುಗಳು ಕಪ್ಪಗೆ, ಬೆರಳಿಗೆ ಸಿಕ್ಕರೆ ತೊಗಟೆ ಜಾರಿ ಬರುವಷ್ಟು ಕೊಳೆತಿದ್ದವು. ನಾನೇ ಮುಳುಗಿಸಿ ಕೊಂದಿದ್ದೆ. ಆ ದಿನ ಅನ್ನ ಸೇರಲಿಲ್ಲ. ಬಾವಿಯ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂತಿದ್ದ ಅಮ್ಮ ಕಣ್ಣಮುಂದೆ ಬಂದರು, ಗೋಪುರ ಹೊಳೆದದ್ದೂ ನನಗೆ ಕಾಣಲಿಲ್ಲ.

ಮಾಲಿ ಹಂಗಿಸಲಿಲ್ಲ. ಒಂದು ಕಬ್ಬಿಣದ ಸಲಾಕೆ ತಂದು ಕೊಟ್ಟ. ಇಬ್ಬರೂ ಸೇರಿ ಎಲ್ಲ ಕುಂಡಗಳ ತಳದ ತೂತನ್ನು ಬಿಡಿಸಿ ದೊಡ್ಡದು ಮಾಡಿದೆವು, ಮೇಲಿನ ಮಣ್ಣನ್ನು ಕೆದಕಿ ಮರಳು ಸೇರಿಸಿದೆವು, ಕುಂಡಗಳ ಬಾಯಿಗೆ ಅಡಿಕೆ ಹಾಳೆ ಮುಚ್ಚಿದೆವು. ಒಂಬತ್ತು ದಿನ ತಂಬಿಗೆ ಮುಟ್ಟಲಿಲ್ಲ. ಅಪ್ಪನ ಮಾತಿಗೆ ವಿರುದ್ಧವಾಗಿ ಕೈಕಟ್ಟಿ ಕೂರುವುದು ನೀರು ಹೊರುವುದಕ್ಕಿಂತ ಕಷ್ಟವಾಗಿತ್ತು. ಹದಿನೆಂಟು ಹೋದವು, ಇಪ್ಪತ್ತೇಳು ಉಳಿದವು. ಉಳಿದವುಗಳ ಕಟ್ಟಿನ ಬದಿಯಲ್ಲಿ ತೊಗಟೆ ಸಣ್ಣಗೆ ಉಬ್ಬಿ ಬರುತ್ತಿತ್ತು. ಅದು ಕೂಡಿಕೊಳ್ಳುವ ಗುರುತು.

ನಲವತ್ತೆರಡನೆಯ ದಿನ ಬೆಳಗ್ಗೆ ರಾಯರು ಮರದ ಕೆಳಗೆ ಬಂದು ನಿಂತರು. ಕೈಯಲ್ಲಿ ಕಾಗದ. ಮೇಲೆ ನೋಡಿದರು. ನಾನೇ ಇಳಿದು ಬಂದೆ.

"ನನ್ನ ಮಗ ಬೊಂಬಾಯಿಯಿಂದ ದಸರಾಕ್ಕೆ ಬರ್ತಾನಪ್ಪ. ಮೋಟಾರು ತೊಗೊಂಡಿದಾನೆ. ಅದಕ್ಕೊಂದು ಶೆಡ್ಡು ಆಗ್ಬೇಕಂತೆ, ಗೇಟಿನ ಹತ್ರ ಜಾಗ ಅಂದ್ರೆ ಇದೇ," ಎಂದರು. ಮರವನ್ನು ತೋರಿಸಲಿಲ್ಲ, ಕಾಗದವನ್ನು ತೋರಿಸಿದರು. "ಗಾರೆಯವನಿಗೆ ಅವನೇ ಅಲ್ಲಿಂದ ಬರೆದುಬಿಟ್ಟಿದಾನೆ. ನಾಳಿದ್ದು ಮರ ಕಡಿಯೋರು ಬರ್ತಾರೆ."

"ಸ್ವಾಮಿ, ಇನ್ನೂ ಒಂದು ತಿಂಗಳು ಬೇಕು. ಈಗ ಬಿಡಿಸಿದ್ರೆ ಒಂದೂ ಬದುಕಲ್ಲ."

"ನಾನು ಬರೆದು ನೋಡಿದೆ. ಅವನು ಕೇಳೋ ವಯಸ್ಸು ದಾಟಿದಾನೆ, ನಾನು ಹೇಳೋ ವಯಸ್ಸು ದಾಟಿದೀನಿ." ಅವರ ಮುಖ ನೋಡಿ ನನಗೆ ಕೋಪ ಮಾಡಿಕೊಳ್ಳಲೂ ಆಗಲಿಲ್ಲ. ಗಾರೆಯವನಿಗೆ ಹೇಳಿ ಇನ್ನೆರಡು ದಿನ ತಳ್ಳುತ್ತೇನೆ ಎಂದು ಒಳಗೆ ಹೋದರು.

ಅಂದು ಮೊದಲ ಸಲ ಕೆಲಸ ಬಿಟ್ಟು ಊರೊಳಗೆ ನಡೆದೆ. ಎಲ್ಲಿಗೆಂದು ಗೊತ್ತಿರಲಿಲ್ಲ. ಗಂಧದೆಣ್ಣೆಯ ಅಂಗಡಿಗಳು, ಊದುಬತ್ತಿ ಹೊಸೆಯುವವರು, ಕುದುರೆಯ ಮೇಲೆ ಕೆಂಪು ರುಮಾಲಿನ ಸವಾರ, ಎಲ್ಲವೂ ಗಾಜಿನ ಆಚೆ ನಡೆಯುತ್ತಿರುವಂತೆ ಕಂಡಿತು. ಅರಮನೆಯ ಗೋಡೆಯ ಪಕ್ಕದಲ್ಲೇ ಹೋಗಿದ್ದೇನೆ, ತಲೆಯೆತ್ತಿ ನೋಡಲಿಲ್ಲ. ಕಾಲು ಸೋತಾಗ ದೇವರಾಜ ಮಾರುಕಟ್ಟೆಯಲ್ಲಿದ್ದೆ, ಹೂವಿನ ಸಾಲಿನಲ್ಲಿ. ಒಬ್ಬಾಕೆ ಸುಗಂಧರಾಜದ ಉದ್ದ ಕಡ್ಡಿಗಳನ್ನು ಬಕೆಟ್ಟಿನ ನೀರಿನಲ್ಲಿ ನಿಲ್ಲಿಸಿದ್ದಳು. ಕೆಳಗಿನ ಹೂ ಅರಳಿತ್ತು, ಮೇಲೆ ಮೊಗ್ಗು.

"ಮೇಲಿನ ಮೊಗ್ಗು ಅರಳ್ತಾವಾ?" ಎಂದು ಕೇಳಿದೆ. ಸುಮ್ಮನೆ ಕೇಳಿದ್ದು.

"ಅಯ್ಯೋ, ಅರಳ್ದೆ ಏನು? ಬುಡಾನ ಓರೆಗೆ ಕೊಯ್ದು ದಿನಾ ನೀರ್ ಬದ್ಲಾಯ್ಸಿ, ಒಂದ್ ಚೂರು ಇದ್ಲು ಹಾಕಿ. ಎಂಟ್ ದಿನ ಗಿಡದ ಮ್ಯಾಲಿದ್ದಂಗೇ ಇರ್ತಾವೆ. ಅವುಕ್ಕೇನು ಗೊತ್ತು ಕೊಯ್ದವ್ರೆ ಅಂತ?"

ನಾನು ಅಲ್ಲೇ ನಿಂತುಬಿಟ್ಟೆ. ಕುಡಿಯನ್ನು ಕಟ್ಟಿನ ಕೆಳಗೆ ಕೊಯ್ಯುವುದು ರೂಢಿ. ಕಟ್ಟಿನಿಂದ ಒಂದು ಗೇಣು ಕೆಳಗೆ ಬಾಲ ಬಿಟ್ಟು ಕೊಯ್ದು, ಆ ಬಾಲವನ್ನು ನೀರಿನಲ್ಲಿಟ್ಟರೆ? ತಾಯಿಯ ಬದಲು ನೀರು ಕುಡಿಯುತ್ತಾ ಇನ್ನೊಂದು ತಿಂಗಳು ಕಾಲ ತಳ್ಳಿದರೆ, ಅಷ್ಟರಲ್ಲಿ ಸಸಿಯ ಬೇರು ಅದಕ್ಕೆ ಊಟ ಕೊಡಲು ಕಲಿತರೆ? ಅಪ್ಪ ಹಾಗೆ ಮಾಡಿದ್ದನ್ನು ನೋಡಿಲ್ಲ, ಯಾರೂ ಮಾಡಿದ್ದು ಕೇಳಿಲ್ಲ. ನಾನು ಕಾಗದ ಬರೆದು ಅಪ್ಪನನ್ನು ಕೇಳುವಷ್ಟು ದಿನವೂ ಇರಲಿಲ್ಲ. ಆ ಹೂವಿನ ಸಾಲಿನಲ್ಲಿ ನಿಂತು ನಾನೇ ತೀರ್ಮಾನ ಮಾಡಿದೆ. ಹೋದರೆ ನನ್ನ ಕೈಯಿಂದ ಹೋಗಲಿ ಎಂದುಕೊಂಡೆ.

ಬೇಕಾದದ್ದು ಇಪ್ಪತ್ತೇಳು ಸೀಸೆ. ರಾಯರಿಗೆ ಹೇಳಿದಾಗ ಅವರ ಮುಖಕ್ಕೆ ಕಳೆ ಬಂತು. ಮನೆಯ ಮೂಲೆಮೂಲೆಯಿಂದ ಸೀಸೆಗಳು ಹೊರಬಂದವು. ಕಷಾಯದ ಸೀಸೆ, ಪನ್ನೀರಿನ ಸೀಸೆ, ತಲೆಗೆ ಹಚ್ಚುವ ಎಣ್ಣೆಯದು, ಮಗ ಹಿಂದೆ ಬಂದಾಗ ಕುಡಿದು ಬಿಟ್ಟುಹೋಗಿದ್ದ ಹಸಿರು ಬಣ್ಣದ ಪರದೇಶದ ಸೀಸೆಗಳು. ಸಾಲದ್ದಕ್ಕೆ ಪರಿಚಯದ ಆಸ್ಪತ್ರೆ ಕಾಂಪೌಂಡರನ ಹತ್ತಿರ ತಾವೇ ಹೋಗಿ ಒಂದು ಚೀಲ ತಂದರು. ಒಂದು ಕಾಲದಲ್ಲಿ ತಾಲ್ಲೂಕನ್ನೇ ನಡುಗಿಸಿದ್ದ ಅಮಲ್ದಾರರು ಪಂಚೆ ಎತ್ತಿ ಕಟ್ಟಿ, ಹಿತ್ತಲಿನ ಕಲ್ಲಿನ ಮೇಲೆ ಕೂತು, ಬೂದಿ ಹಾಕಿ ಸೀಸೆ ತೊಳೆದರು. ನಾನು ಬೇಡ ಎಂದರೆ, "ಸುಮ್ನಿರು, ಇಷ್ಟಾದ್ರೂ ಮಾಡ್ತೀನಿ," ಎಂದರು.

ಎರಡು ದಿನ ಬೆಳಗಿನ ತಂಪಿನಲ್ಲಿ ಕೆಲಸ. ಮೊದಲು ಕುಡಿಯ ಅರ್ಧದಷ್ಟು ಎಲೆ ಕತ್ತರಿಸಿದೆ, ದಾಹ ಕಡಿಮೆಯಾಗಲೆಂದು. ಮಾಲಿ ಬಟ್ಟಲಿನಲ್ಲಿ ನೀರು ಹಿಡಿದ, ಕುಡಿಯನ್ನು ಆ ನೀರಿನೊಳಗೇ ಓರೆಯಾಗಿ ಕೊಯ್ದೆ, ಗಾಳಿ ಮುಟ್ಟುವ ಮೊದಲೇ ಸೀಸೆಗೆ ಇಳಿಸಿದೆ. ಸೀಸೆಯಲ್ಲಿ ಒಂದು ಚೂರು ಇದ್ದಿಲು, ಬಾಯಿಗೆ ಹತ್ತಿ. ಸೀಸೆಯನ್ನು ಕುಂಡದ ಗೂಟಕ್ಕೆ ನಾರಿನಿಂದ ಬಿಗಿದೆ. ಇಪ್ಪತ್ತೇಳು ಸಲ ಹೀಗೆ. ಪ್ರತಿ ಸಲವೂ ಚಾಕು ತಾಯಿಯ ಕಡೆಯ ಎಳೆಯನ್ನು ಕಡಿದಾಗ ಸಣ್ಣ ಸದ್ದಾಗುತ್ತಿತ್ತು.

ಅಟ್ಟಣಿಗೆ ಬಿಚ್ಚಿದ ದಿನವೇ ಕಡಿಯುವವರು ಬಂದರು. ಸಂಜೆ ನಾಲ್ಕರ ಹೊತ್ತಿಗೆ ಮರ ಮಲಗಿತು. ರಾಯರು ಬಾಗಿಲು ಹಾಕಿಕೊಂಡು ಒಳಗೇ ಇದ್ದರು. ಬೆಳಕು ಕಂದುವ ವೇಳೆಗೆ ದೂರದಲ್ಲಿ ಜನ "ಹೋ" ಎಂದರು. ಏನೆಂದು ಮಾಲಿಯನ್ನು ಕೇಳಿದೆ. ಅರಮನೆಯ ದೀಪಗಳನ್ನು ಪರೀಕ್ಷೆಗೆಂದು ಹಾಕಿದ್ದಾರೆ ಎಂದ. ನಾನು ಆ ಕಡೆ ತಿರುಗಿ ನೋಡಿದೆ. ನೆಲದ ಮೇಲೆ ನಿಂತವನಿಗೆ ಪಕ್ಕದ ಮನೆಯ ಗೋಡೆ ಅಡ್ಡ ಇತ್ತು, ಗೋಡೆಯ ಮೇಲೆ ಆಕಾಶ ಮಾತ್ರ ಸ್ವಲ್ಪ ಹೊತ್ತು ಬೆಳ್ಳಗಾಗಿ ಮತ್ತೆ ಆರಿತು. ಆ ಕಾಂಪೌಂಡಿನಿಂದ ಇನ್ನು ಯಾರಿಗೂ ಅರಮನೆ ಕಾಣುವುದಿಲ್ಲ ಎಂದು ಆಗ ಹೊಳೆಯಿತು.

ವಾಪಸು ಬರುವಾಗ ರೈಲಿನಲ್ಲಿ ನಾನು ಕೂರಲಿಲ್ಲ. ಬುಟ್ಟಿಗಳ ನಡುವೆ ನಿಂತು, ಅಲುಗಿದ ಸೀಸೆಗಳನ್ನು ಹಿಡಿಯುತ್ತಾ, ಮದ್ದೂರಿನಲ್ಲಿ ಒಂದು ಸಲ, ಚನ್ನಪಟ್ಟಣದಲ್ಲಿ ಒಂದು ಸಲ ನೀರು ತುಂಬಿಸಿದೆ. ಟಿಕೆಟ್ ನೋಡುವವರು ಹಸಿರು ಸೀಸೆಯೊಂದನ್ನು ಎತ್ತಿ ಮೂಸಿ, "ಏನ್ರೀ ಇದು, ಮಾವಿನ ಗಿಡಕ್ಕೆ ಬ್ರಾಂಡಿ ಕುಡಿಸ್ತಿದ್ದೀರಾ?" ಎಂದರು. ಡಬ್ಬಿಯೆಲ್ಲ ನಕ್ಕಿತು. ನಾನೂ ನಕ್ಕೆ, ಒಂದೂವರೆ ತಿಂಗಳಿನಲ್ಲಿ ಮೊದಲ ಸಲ.

ಅಪ್ಪ ಸೀಸೆಗಳನ್ನು ಒಂದೊಂದಾಗಿ ನೋಡುತ್ತಾ ಹೋದ. ಒಂದು ಕಟ್ಟಿನ ಮೇಲೆ ನಡುಗುವ ಬೆರಳು ಆಡಿಸಿ, "ಬಿಗಿ ಚೆನ್ನಾಗಿದೆ," ಎಂದ. ಅಷ್ಟು ಸಾಕಾಯಿತು ನನಗೆ. ಗಿಡಗಳನ್ನು ಅಮ್ಮನವರ ಮನೆಯ ಹಿಂದೆ ತೆಂಗಿನ ಗರಿಯ ಚಪ್ಪರದಡಿ ಇಟ್ಟೆವು. ದಿನ ಬಿಟ್ಟು ದಿನ ಸೀಸೆಯ ನೀರು ಬದಲಾಯಿಸಿ, ಬಾಲದ ತುದಿಯನ್ನು ಕೂದಲೆಳೆಯಷ್ಟು ಕೊಯ್ಯುತ್ತಿದ್ದೆ. ಅಮ್ಮ ಕೋಲೂರಿಕೊಂಡು ಬಂದು ಒಂದೊಂದನ್ನೂ ಎಣಿಸುತ್ತಿದ್ದರು. ಇಪ್ಪತ್ತೇಳು ಹದಿನಾರಾಯಿತು. ಹದಿನಾರು ಒಂಬತ್ತಾಯಿತು. ಮಹಾಲಯ ಅಮಾವಾಸ್ಯೆಗೆ ಐದು. ಒಣಗಿದ್ದನ್ನು ಅವರು ಬರುವ ಮೊದಲೇ ತೆಗೆದು ಮರೆಮಾಡುತ್ತಿದ್ದೆ, ಅವರು ಉಳಿದದ್ದನ್ನು ಎಣಿಸಿ ಹೋಗುತ್ತಿದ್ದರು.

ದೀಪಾವಳಿಯ ಹೊತ್ತಿಗೆ ಎರಡು ಉಳಿದವು. ಎರಡರ ತುದಿಯಲ್ಲೂ ತಾಮ್ರದ ಬಣ್ಣದ ಚಿಗುರು ಬಂತು. ಸೀಸೆ ಬಿಡಿಸಿ, ಬಾಲ ಕೊಯ್ದು, ಕಟ್ಟಿನ ಮೇಲಿದ್ದ ನಾಟಿ ಸಸಿಯ ನೆತ್ತಿಯನ್ನೂ ಕೊಯ್ದೆ. ಎಂಟು ದಿನ ಉಸಿರು ಬಿಗಿಹಿಡಿದು ಕಾದೆವು, ಚಿಗುರು ಬಾಡಲಿಲ್ಲ. ಅಮ್ಮ ಒಂದು ಎಲೆ ಹಿಸುಕಿ ಮೂಗಿಗೆ ಹಿಡಿದರು. ಅವರ ಕಣ್ಣಿನಲ್ಲಿ ನೀರು ಬಂತು, ನನ್ನ ಕಣ್ಣಿನಲ್ಲೂ.

"ಒಂದನ್ನ ಬಾವಿ ಪಕ್ಕ ಇಡು," ಎಂದರು. "ಇನ್ನೊಂದನ್ನ ರಾಯರಿಗೆ ಕೊಟ್ಟು ಬಾ."

ನನಗೆ ಸಿಟ್ಟು ಬಂತು. "ಏನಮ್ಮಾ ನೀವು! ಅಲ್ಲಿ ಅವರ ಮಗ ಕಡಿಸಿ ಹಾಕಿದಾನೆ. ಉಳಿದಿರೋದೇ ಎರಡು. ಎರಡೂ ನಿಮ್ಮ ಕಣ್ಮುಂದೆ ಇರ್ಲಿ."

"ನಮ್ಮೋರೂ ಹಂಗೇ ಅಂದ್ಕೊಂಡಿದ್ರು ನಾಯನಾ. ಎಲ್ಲಾ ತಮ್ಮ ಕಣ್ಮುಂದೇನೇ ಇರ್ಲಿ ಅಂತ. ಇವತ್ತು ನನ್ನ ಕೈಗೆ ಈ ಎಲೆ ಸಿಕ್ಕಿದ್ದು, ಅವ್ರು ಮನಸ್ಸಿಲ್ದೆ ಕೊಟ್ಟ ಒಂದು ಗಿಡದಿಂದ. ನಾನು ಮನಸ್ಸಿಟ್ಟು ಕೊಡ್ತೀನಿ, ತಗೊಂಡು ಹೋಗು."

ಒಂದು ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಮತ್ತೆ ರೈಲು ಹತ್ತಿದೆ. ರಾಯರು ಶೆಡ್ಡಿನ ಹಿಂದೆ ತಾವೇ ಗುಂಡಿ ತೆಗೆದು ಕಾಯುತ್ತಿದ್ದರು. ಬಾವಿಯ ಪಕ್ಕದ ಗಿಡವೂ ಚೆನ್ನಾಗಿಯೇ ಹತ್ತಿಕೊಂಡಿತು. ಅಮ್ಮ ದಿನಾ ಬೆಳಗ್ಗೆ ಅದರ ಪಕ್ಕದಲ್ಲಿ ಕೂರುತ್ತಿದ್ದರು.

ಎರಡನೆಯ ಬೇಸಿಗೆಯಲ್ಲಿ ಅದಕ್ಕೆ ಗೆದ್ದಲು ಬಿತ್ತು. ಒಳಗಿಂದ ತಿಂದಿದ್ದರಿಂದ ನಮಗೆ ಗೊತ್ತಾಗಲಿಲ್ಲ, ಒಂದು ಬೆಳಗ್ಗೆ ಕೈ ಇಟ್ಟರೆ ಬುಡವೇ ಮುರಿದು ಬಂತು. ಕುಡಿಯೂ ಒಣಗಿತ್ತು, ಮತ್ತೆ ಕಟ್ಟಲು ಏನೂ ಇರಲಿಲ್ಲ. ಅಮ್ಮನವರಿಗೆ ಹೇಗೆ ಹೇಳುವುದೆಂದು ತಿಳಿಯದೆ ಗಿಡವನ್ನು ಕೈಯಲ್ಲಿ ಹಿಡಿದುಕೊಂಡೇ ಅವರ ಜಗಲಿಯ ಮುಂದೆ ಹೋಗಿ ನಿಂತೆ. ಆ ವಾರವಷ್ಟೇ ಅವರಿಗೆ ರಾಯರ ಕಾಗದ ಬಂದಿತ್ತು, ಗಿಡ ತಮ್ಮ ಎದೆಯ ಮಟ್ಟ ಬಂದಿದೆ, ಮಗನೂ ಮೊನ್ನೆ ಬಂದವನು ಅದಕ್ಕೆ ಬೇಲಿ ಕಟ್ಟಿಸಿದ ಎಂದು.

ಅಮ್ಮ ನನ್ನ ಕೈಯಲ್ಲಿದ್ದದ್ದನ್ನು ನೋಡಿದರು. ಆಮೇಲೆ ಗೋಡೆ ಹಿಡಿದು ಎದ್ದು ನಿಂತು, "ಈ ಸಲ ಮೈಸೂರಿಗೆ ಎಷ್ಟು ಕುಂಡ ಬೇಕಾಗುತ್ತೆ?" ಎಂದು ಕೇಳಿದರು.